ಬಿಚ್ಚುವಾಗಲೂ ಗುನುಗುತ್ತಿದ್ದವನು

ಬೆತ್ತದ ಕುರ್ಚಿ ಹೆಣೆಯುವವನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರು ಕೂತ ಜಾಗ ಕಾಣುತ್ತದೆ. ಬೀದಿಯವರೆಲ್ಲ ಬೆತ್ತದಣ್ಣ ಎಂದು ಕರೆಯುತ್ತಿದ್ದ ಆ ಮನುಷ್ಯ ನಲವತ್ತೈದು ವರ್ಷ ಅದೇ ಕೆಲಸದಲ್ಲಿ ಬೆರಳು ಸವೆಸಿದ್ದ. ಹರಿದ ಕುರ್ಚಿಯೊಂದನ್ನು ಅಂಗಡಿ ಬಾಗಿಲಲ್ಲಿ ಇಳಿಸಿದರೆ ಸಾಕು, ಅದನ್ನು ತಲೆಕೆಳಗು ಮಾಡಿ, ಬೆಳಕಿಗೆ ಹಿಡಿದು, "ಇದರ ಯಜಮಾನರು ಮಾತಾಡುವಾಗ ಮುಂದಕ್ಕೆ ಜಾರ್ತಾರೆ, ಕೇಳುವಾಗ ಹಿಂದಕ್ಕೆ ಬೀಳ್ತಾರೆ" ಎನ್ನುವನು.

ತಂದ ಹೆಂಗಸು ಬೆರಗಾಗಿ, "ನಮ್ಮ ಮಾವನವರನ್ನ ನೀವು ನೋಡಿದ್ದೀರಾ?" ಎಂದು ಕೇಳುವಳು.

"ಇಲ್ಲಮ್ಮ. ಅವರು ಕೂತಿದ್ದನ್ನ ನೋಡ್ತಾ ಇದೀನಿ."

ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ ಅವನದು. ಒಂದು ಬಕೆಟ್ ನೀರು, ಅದರಲ್ಲಿ ಸುರುಳಿ ಸುತ್ತಿ ನೆನೆಹಾಕಿದ ಬೆತ್ತದ ಎಳೆಗಳು, ಡಬ್ಬಿ ತುಂಬ ಬೆರಳುದ್ದದ ಮರದ ಗೂಟಗಳು, ಕತ್ತರಿ, ಸುತ್ತಿಗೆ, ಒಂದು ಮೊಳೆಗೆ ನೇತುಹಾಕಿದ ಅಂಗಿ. ಬೆಳಗಿನ ಬಿಸಿಲು ಹನ್ನೊಂದರವರೆಗೆ ಒಳಗಿರುತ್ತಿತ್ತು, ಆಮೇಲೆ ಎದ್ದು ಎದುರು ಮನೆಗೆ ಹೋಗುತ್ತಿತ್ತು. ಒಳಗೆ ಕಾಲಿಟ್ಟವರಿಗೆ ನೆನೆದ ಹುಲ್ಲಿನ ವಾಸನೆ ಬಡಿಯುತ್ತಿತ್ತು. ಒಂದು ಕಾಲಕ್ಕೆ ಊರಿನಲ್ಲಿ ಕೂರುವ ಜಾಗವೆಂದರೆ ಬೆತ್ತವೇ. ರೈಲ್ವೆ ನಿಲ್ದಾಣದ ಕಾಯುವ ಕೋಣೆ, ಕೋರ್ಟು, ಫೋಟೋ ಸ್ಟುಡಿಯೋ, ಕ್ಷೌರದಂಗಡಿ, ಎಲ್ಲಿ ಹೋದರೂ ಅವನು ಹೆಣೆದ ಕುರ್ಚಿ ಅವನನ್ನು ಕರೆದು ಕೂರಿಸುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಒಂದರ ಹೆಗಲ ಮೇಲೊಂದು ಏರಿ ನಿಲ್ಲುವ, ಯಾರು ಕೂತೆದ್ದರೂ ಗುರುತಿಟ್ಟುಕೊಳ್ಳದ ಕುರ್ಚಿಗಳು. ಬೆತ್ತದಣ್ಣ ಅವುಗಳನ್ನು ಬೈಯಲಿಲ್ಲ. "ಅವೂ ಬಿಸಿಲಿಗೆ ಬಿರುಕು ಬಿಡ್ತವೆ, ಪಾಪ" ಎಂದು ಸುಮ್ಮನಾದ.

ಅವನ ಬಗ್ಗೆ ಬೀದಿಯಲ್ಲಿ ಇನ್ನೊಂದು ಮಾತಿತ್ತು. ಸತ್ತ ಮೇಲೆ ಏನೂ ಇಲ್ಲ ಎನ್ನುವವನು ಅವನು. ಜಗಳ ಮಾಡಿ ಹೇಳುತ್ತಿರಲಿಲ್ಲ, ಯಾರನ್ನೂ ಒಪ್ಪಿಸಲು ಹೋಗುತ್ತಿರಲಿಲ್ಲ. ಇವತ್ತು ಸೆಕೆ ಜಾಸ್ತಿ ಎನ್ನುವಷ್ಟೇ ಸಲೀಸಾಗಿ ಹೇಳಿ ಎಳೆ ಎಳೆಯುತ್ತಿದ್ದ. ಔಷಧಿ ಅಂಗಡಿಯವನಿಗೆ ಇದು ತಿಂಡಿ ತಿಂದಷ್ಟು ರುಚಿ. ಗಿರಾಕಿ ಇಲ್ಲದಾಗ ಬಾಗಿಲಿಗೆ ಬಂದು ಕೆಣಕುವನು.

"ಏನಣ್ಣ, ಮೇಲೆ ಹೋದ ಮೇಲೆ ಏನು ಮಾಡ್ತೀಯ?"

"ಇಲ್ಲದ ಊರಿಗೆ ದಾರಿ ಕೇಳಬೇಡ. ಇರೋ ಊರಲ್ಲಿ ನಿನ್ನ ಅಂಗಡಿ ಬಾಗಿಲು ತೆರೆದೇ ಬಂದಿದೀಯ, ಹೋಗು."

"ಹಾಗಾದ್ರೆ ಯಾವ ಸುಖಕ್ಕೆ ಬದುಕಿದೀಯ?"

"ಈ ಸುಖಕ್ಕೇ" ಎಂದು ಅವನು ಬಕೆಟ್ಟಿನಿಂದ ಒಂದು ಎಳೆ ಎತ್ತಿ ನೀರು ಕೊಡವುವನು. ಔಷಧಿ ಅಂಗಡಿಯವನ ಕನ್ನಡಕಕ್ಕೆ ಹನಿ ಸಿಡಿಯುವುದು. ಅಲ್ಲಿಗೆ ಆ ದಿನದ ಚರ್ಚೆ ಮುಗಿಯುವುದು.

ನಗುನಗುತ್ತ ಆಡುತ್ತಿದ್ದ ಈ ಮಾತೇ ಅವನ ಅರವತ್ತೊಂದನೇ ವಯಸ್ಸಿನಲ್ಲಿ ಗಂಟಲ ಮುಳ್ಳಾಯಿತು. ಅವನ ಅಕ್ಕ ಹಾಸಿಗೆ ಹಿಡಿದಳು.

ಅಕ್ಕ ಅವನಿಗಿಂತ ಐದು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ, ಬಸ್ ಡಿಪೋ ಹಿಂಭಾಗದ ಕಟ್ಟಡದ ಎರಡನೇ ಮಹಡಿಯಲ್ಲಿದ್ದಳು. ಮಗಳು ಅದೇ ಡಿಪೋದ ಕಚೇರಿಯಲ್ಲಿ ಯಾವ ಚಾಲಕ ಯಾವ ಬಸ್ಸಿಗೆ ಎಂದು ಪಟ್ಟಿ ಬರೆಯುವ ಕೆಲಸದವಳು. ಅಕ್ಕನ ಹೃದಯ ಸೋತಿದೆ, ಒಂದು ತಿಂಗಳೋ ಎರಡು ತಿಂಗಳೋ ಎಂದು ಡಾಕ್ಟರು ಹೇಳಿದ ದಿನದಿಂದ ಬೆತ್ತದಣ್ಣ ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಚ್ಚಿ ಅಲ್ಲಿಗೆ ಹೋಗತೊಡಗಿದ. ನಾಲ್ಕಕ್ಕೆ ಮಗಳು ಕೆಲಸದಿಂದ ಬರುವವರೆಗೆ ಅಕ್ಕನ ಕಾವಲು ಅವನದು.

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಮದುವೆಯ ಮಾತು ಎರಡು ಸಲ ಬಾಗಿಲವರೆಗೆ ಬಂದು, ಎರಡು ಸಲವೂ ಚಪ್ಪಲಿ ಬಿಡದೆ ಹಿಂದೆ ಹೋಗಿತ್ತು. ಅವನಿಗೆ ಇದ್ದವಳು ಅಕ್ಕ ಒಬ್ಬಳೇ.

ಮೊದಲ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ನೋಡು, ನಾನು ಮೊದಲು ಹೋಗ್ತೀನಿ. ಅಪ್ಪ ಅಮ್ಮ ಅಲ್ಲಿರ್ತಾರೆ. ನೀನು ಆಮೇಲೆ ನಿಧಾನಕ್ಕೆ ಬಾ, ಆತುರ ಏನಿಲ್ಲ. ಆದ್ರೆ ಬರ್ತೀನಿ ಅಂತ ಒಂದು ಮಾತು ಹೇಳು."

ಅವನು ಕಿಟಕಿಯ ಕಡೆ ನೋಡಿದ. ಕೆಳಗೆ ಯಾವುದೋ ಬಸ್ಸು ಹಿಂದಕ್ಕೆ ಬರುತ್ತಿತ್ತು.

"ಅಕ್ಕ, ನನ್ನ ವಿಷಯ ನಿನಗೆ ಗೊತ್ತಲ್ಲ."

"ಗೊತ್ತು. ಅದಕ್ಕೇ ಕೇಳಿದ್ದು."

ಒಂದು ಮಾತು. ಹೇಳಿಬಿಟ್ಟರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಅವನು ಹೇಳಿಯೂ ಬಿಡುತ್ತಿದ್ದನೇನೋ. ಆದರೆ ಕೇಳಿದವಳು ಅಕ್ಕ. ಅವರಿಬ್ಬರ ನಡುವೆ ಐವತ್ತೈದು ವರ್ಷದ ಹಿಂದಿನ ಒಂದು ಕರಾರಿತ್ತು.

ಅವರ ಅಪ್ಪ ಸರಕು ಲಾರಿ ಓಡಿಸುತ್ತಿದ್ದವನು. ಬೆತ್ತದಣ್ಣನಿಗೆ ಆರು, ಅಕ್ಕನಿಗೆ ಹನ್ನೊಂದು ವರ್ಷವಿದ್ದಾಗ ದೂರದ ರಸ್ತೆಯಲ್ಲಿ ಲಾರಿ ಮಗುಚಿತು. ಸಾವು, ಮಣ್ಣು ಎಲ್ಲವೂ ಅಲ್ಲಿಯೇ ಮುಗಿಯಿತು. ಮನೆಯ ದೊಡ್ಡವರು ಸೇರಿ ಮಕ್ಕಳಿಗೆ ಹೇಳುವುದು ಬೇಡವೆಂದು ತೀರ್ಮಾನಿಸಿದರು. "ಅಪ್ಪನಿಗೆ ಕೆಲಸ ಜಾಸ್ತಿ, ಬರ್ತಾರೆ" ಎಂದರು. ಅಕ್ಕ ನಂಬಿದಳು. ಅಪ್ಪ ಲಾರಿ ಬಿಟ್ಟು ಬಸ್ಸಿನಲ್ಲಿ ಬಂದರೂ ಬರಬಹುದೆಂದು ದಿನಾ ಸಂಜೆ ಐದಕ್ಕೆ ತಮ್ಮನ ಮುಖ ತೊಳೆದು, ತಲೆ ಬಾಚಿ, ಕೈ ಹಿಡಿದು ಬಸ್ ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಇಬ್ಬರೂ ಕೂರುತ್ತಿದ್ದರು. ಬಸ್ಸು ಬರುತ್ತಿತ್ತು, ಜನ ಇಳಿಯುತ್ತಿದ್ದರು, ಬಸ್ಸು ಖಾಲಿಯಾಗುತ್ತಿತ್ತು. ಹೀಗೆ ನಾಲ್ಕು ತಿಂಗಳು. ಕೊನೆಗೆ ಟಿಕೆಟ್ ಕಿಟಕಿಯ ಮನುಷ್ಯನಿಗೆ ನೋಡಲಾಗಲಿಲ್ಲ. ಹೊರಗೆ ಬಂದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, "ಮಗೂ, ನಿಮ್ಮಪ್ಪ ಬರಲ್ಲ. ನಿಮಗೆ ಯಾರೂ ಹೇಳಲೇ ಇಲ್ವಾ?" ಎಂದ.

ಅಕ್ಕ ಅಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಬೀದಿ ನಲ್ಲಿಯ ಹತ್ತಿರ ನಿಂತು ತನ್ನ ಮುಖ ತೊಳೆದಳು, ತಮ್ಮನ ಮುಖ ತೊಳೆದಳು. ಆಮೇಲೆ ಅವನ ಎರಡು ಕಿವಿಗಳನ್ನೂ ಹಿಡಿದು ಹೇಳಿದಳು: "ನಾವಿಬ್ರೂ ಒಬ್ಬರಿಗೊಬ್ಬರು ಸುಳ್ಳು ಹೇಳಬಾರದು. ಒಳ್ಳೇದಕ್ಕೆ ಅಂತಾನೂ ಹೇಳಬಾರದು. ಗೊತ್ತಾಯ್ತಾ?"

ಮಕ್ಕಳಿಗೆ ನಿಜ ತಿಳಿಯಿತೆಂದು ಗೊತ್ತಾದ ಮೇಲೆ ಅಮ್ಮ ಅವರನ್ನು ಕೂರಿಸಿಕೊಂಡು, "ಅಪ್ಪ ಮೇಲಿದ್ದಾರೆ. ಒಂದಿನ ನಾವೆಲ್ಲ ಅಲ್ಲಿ ಸೇರ್ತೀವಿ" ಎಂದಳು. ಅಕ್ಕ ಆ ಮಾತನ್ನು ಎರಡೂ ಕೈ ಚಾಚಿ ತೆಗೆದುಕೊಂಡಳು. ಬದುಕಿನುದ್ದಕ್ಕೂ ಅದು ಅವಳನ್ನು ಕಾಪಾಡಿತು. ತಮ್ಮನಿಗೆ ಮಾತ್ರ ಅದು ಇನ್ನೊಂದು ಬಸ್ ನಿಲ್ದಾಣದಂತೆ ಕೇಳಿಸಿತು. ಆರು ವರ್ಷದ ಹುಡುಗ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾಲು ನೋಯುವಷ್ಟು ಕಾದವನಿಗೆ ಮತ್ತೆ ಕಾಯುವ ಮನಸ್ಸಿರಲಿಲ್ಲ, ಅಷ್ಟೇ.

ಅಮ್ಮ ಕಾದಳು. ಮುಂದಿನ ಇಪ್ಪತ್ತು ವರ್ಷ ಅವಳು ಮನೆಯಲ್ಲಿದ್ದದ್ದು ರೈಲಿಗೆ ಹೊರಟವರು ಗಂಟುಮೂಟೆಯ ಮೇಲೆ ಕೂತಿರುವ ಹಾಗೆ. ಮಕ್ಕಳು ನಕ್ಕರೆ "ಸರಿ, ಸರಿ" ಎನ್ನುವಳು, ತಾನು ನಗುತ್ತಿರಲಿಲ್ಲ. ಅಕ್ಕ ತನ್ನ ಮೊದಲ ಸಂಬಳದಲ್ಲಿ ಅವಳಿಗೆ ಒಂದು ಉಣ್ಣೆಯ ಕಂಬಳಿ ತಂದುಕೊಟ್ಟಳು, ದಪ್ಪನೆಯದು, ಇಟ್ಟಿಗೆ ಬಣ್ಣದ್ದು. ಅಮ್ಮ ಅದನ್ನು ಸವರಿ ನೋಡಿ ಟ್ರಂಕಿನಲ್ಲಿಟ್ಟಳು. "ನನಗ್ಯಾಕೆ ಈಗ" ಎಂದು ಹಳೆಯ ತೇಪೆಯ ಹೊದಿಕೆಯಲ್ಲೇ ಚಳಿಗಾಲಗಳನ್ನು ಕಳೆದಳು. ಅವಳು ಹೋದ ಮೇಲೆ ಟ್ರಂಕು ತೆರೆದರೆ ಕಂಬಳಿಯನ್ನು ಹುಳು ಜರಡಿ ಮಾಡಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗಾಗಿತ್ತು ಅಮ್ಮನ ಬಾಳು. ಇಪ್ಪತ್ತಾರು ವರ್ಷದ ಬೆತ್ತದಣ್ಣ ಅವತ್ತು ಆ ತೂತು ಕಂಬಳಿಯನ್ನು ಹೊದ್ದುಕೊಂಡು ಮಲಗಿದ. ತೂತಿನಲ್ಲಿ ಚಳಿ ನುಗ್ಗಿತು, ಉಳಿದ ಕಡೆ ಬೆಚ್ಚಗಿತ್ತು. ಅವತ್ತಿನಿಂದ ಅವನು ಯಾವುದನ್ನೂ ಟ್ರಂಕಿನಲ್ಲಿ ಇಡಲಿಲ್ಲ. ಒಳ್ಳೆ ಅಂಗಿಯನ್ನು ವಾರದ ದಿನವೇ ತೊಟ್ಟ. ಕೆಲಸದ ನಡುವೆ ಬೀದಿಯಲ್ಲಿ ಯಾರಾದರೂ ಚೆನ್ನಾಗಿ ಹಾಡುತ್ತ ಹೋದರೆ ಎಳೆಯನ್ನು ಗೂಟಕ್ಕೆ ಸಿಕ್ಕಿಸಿ ಎದ್ದು ಬಂದು ಕೇಳಿದ.

ಇಂಥವನು ಈಗ ಅಕ್ಕನ ಮಂಚದ ಪಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ನಾಲ್ಕು ದಿನ ನೋಡಿ ಅಕ್ಕನ ಮಗಳು ಅವನನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದಳು.

"ಮಾವ, ಹೇಳಿಬಿಡಿ. ಒಂದು ಸುಳ್ಳಿಗೆ ನಿಮ್ಮ ಬಾಯಿ ಸವೆಯುತ್ತಾ?"

"ಅವಳಿಗೆ ಸುಳ್ಳು ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಮಗಳೇ."

"ಆರು ವರ್ಷದಲ್ಲಿ ಕೊಟ್ಟ ಮಾತು! ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡ್ತಾ ಇಲ್ಲ. ನಿಮಗೆ ನಿಮ್ಮ ಹಠವೇ ಹೆಚ್ಚಾಯ್ತು. ನೀವು ಹಿಡಿದ ಮೊಲಕ್ಕೆ ಮೂರೇ ಕಾಲು." ಅಷ್ಟು ಹೇಳಿ ಅವಳೇ ಅತ್ತಳು. ಅಳುವವಳ ಮುಂದೆ ಯಾವ ತರ್ಕ ನಿಲ್ಲುತ್ತದೆ? ಅವನು ಆಗಲಿ ಎಂದು ತಲೆಯಾಡಿಸಿದ.

ಮರುದಿನ ಮೆಟ್ಟಿಲು ಹತ್ತುವಾಗ ಶಾಲೆಯ ಹುಡುಗ ಪದ್ಯ ಉರು ಹೊಡೆದಂತೆ ಆ ಮಾತನ್ನು ಹೇಳಿಕೊಳ್ಳುತ್ತ ಹತ್ತಿದ. ಒಳಗೆ ಹೋಗಿ, ಕೂತು, ಗಂಟಲು ಸರಿಮಾಡಿಕೊಂಡು, "ಅಕ್ಕ, ಯೋಚನೆ ಮಾಡಿದೆ. ನಾನೂ ಬರ್ತೀನಿ ಬಿಡು" ಎಂದ.

ಅಕ್ಕ ಅವನನ್ನೇ ನೋಡಿದಳು. "ನಿನ್ನ ಕಿವಿ ಕೆಂಪಾಗಿದೆ."

"ಮೆಟ್ಟಿಲು ಹತ್ತಿ ಬಂದೆನಲ್ಲ."

"ದಿನಾ ಹತ್ತಿ ಬರ್ತೀಯ. ಯಾರು ಹೇಳಿಕೊಟ್ಟರು? ಇವಳಾ?"

ಅವನ ಕೈ ಕಿವಿಗೆ ಹೋಯಿತು. ಅಕ್ಕ ಗೋಡೆಯ ಕಡೆ ಹೊರಳಿದಳು. ಆ ದಿನ ಹೊರಳಿದವಳು ಮರುದಿನವೂ ಈ ಕಡೆ ತಿರುಗಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಇರುವುದು ಬೆರಳೆಣಿಕೆಯ ದಿನಗಳು, ಅದರಲ್ಲಿ ಎರಡು ಹೀಗೆ ಗೋಡೆಯ ಪಾಲಾದವು. ಸುಳ್ಳು ಹೇಳಲಾರದೆ ಅವಳ ನಿದ್ದೆ ಕೆಡಿಸಿದ್ದೆ, ಹೇಳಲು ಹೋಗಿ ಮಾತನ್ನೂ ಕಳೆದುಕೊಂಡೆ ಎಂದು ಬೆತ್ತದಣ್ಣ ಅಂಗಡಿಯಲ್ಲಿ ಕೂತು ಕೈ ಕೈ ಹಿಸುಕಿಕೊಂಡ.

ಮೂರನೇ ದಿನ ಅವನಿಗೆ ಹೊಳೆದದ್ದು ಇಷ್ಟೇ: ಬಾಯಿ ಕೆಡಿಸಿದ್ದನ್ನು ಕೈಯಾದರೂ ಸರಿಮಾಡಲಿ. ಊರಿನ ಗ್ರಂಥಾಲಯದ ಓದುವ ಕೋಣೆಯಿಂದ ಬಂದ ಒಂದು ಕುರ್ಚಿ ಅಂಗಡಿಯಲ್ಲಿತ್ತು. ಅಲ್ಲಿ ಉಳಿದಿದ್ದ ಕೊನೆಯ ಬೆತ್ತದ ಕುರ್ಚಿ ಅದು, ಕೂರುವ ಜಾಗ ಪೂರ್ತಿ ಹರಿದಿತ್ತು. ಅದನ್ನು ತಲೆಯ ಮೇಲೆ ಕವುಚಿಕೊಂಡು, ಒಂದು ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಬೆತ್ತದ ಸುರುಳಿ ಹಿಡಿದು ಎರಡು ಮಹಡಿ ಹತ್ತಿದ. ಕಿಟಕಿಯ ಬೆಳಕಿಗೆ ಕುರ್ಚಿ ಇಟ್ಟು, ಹಳೆಯ ಬೆತ್ತ ಕತ್ತರಿಸಿ ತೆಗೆದು, ಚೌಕಟ್ಟಿನ ತೂತುಗಳನ್ನು ಒಂದೊಂದಾಗಿ ಚುಚ್ಚಿ ಶುಚಿ ಮಾಡಿದ. ಮೊದಲ ಸುತ್ತು, ಹಿಂದಿನಿಂದ ಮುಂದಕ್ಕೆ. ಎರಡನೇ ಸುತ್ತು, ಎಡದಿಂದ ಬಲಕ್ಕೆ. ನೆನೆದ ಎಳೆ ತೂತಿನಲ್ಲಿ ಇಳಿಯುವಾಗ ಕಿರ್ ಎನ್ನುತ್ತದೆ. ಆ ಸದ್ದಿಗೆ ಅಕ್ಕ ಮೆಲ್ಲಗೆ ಈ ಕಡೆ ಹೊರಳಿದಳು.

ಹೊರಳದೆ ಇರಲು ಅವಳಿಂದ ಆಗುತ್ತಿರಲಿಲ್ಲ. ಅವನಿಗೆ ಈ ಕೆಲಸ ಕಲಿಸಿದವಳೇ ಅವಳು. ಮದುವೆಗೆ ಮುಂಚೆ ಪೀಠೋಪಕರಣದ ಕಾರ್ಖಾನೆಯಲ್ಲಿ ಹೆಣೆಯುವ ವಿಭಾಗದಲ್ಲಿದ್ದಳು. ಉದ್ದನೆಯ ಹಜಾರ, ಎತ್ತರದ ಕಿಟಕಿಗಳು, ಸಾಲಾಗಿ ಕೂತ ಮೂವತ್ತು ಹೆಂಗಸರು. ಈಗ ಅವಳ ಕೈ ನಡುಗುತ್ತಿತ್ತು, ಲೋಟ ಹಿಡಿಯಲಾಗುತ್ತಿರಲಿಲ್ಲ. ಕಣ್ಣು ಕಿವಿಗಳಲ್ಲಿ ಕಸುಬು ಹಾಗೇ ಇತ್ತು.

"ಎಳೆ ಜಾಸ್ತಿ ನೆನೆದಿದೆ" ಎಂದಳು. ಎರಡು ದಿನದ ಮೇಲೆ ಅವಳು ಆಡಿದ ಮೊದಲ ಮಾತು.

"ಇಲ್ಲ, ಸರಿಯಾಗಿದೆ."

"ನನಗೆ ಹೇಳಿಕೊಡಬೇಡ. ಬಣ್ಣ ನೋಡು. ಬೂದಿ ತಿರುಗಿದೆ."

ಅವನು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಬೂದಿ ತಿರುಗಿತ್ತು. ಅಲ್ಲಿಂದ ಮಾತು ಕಟ್ಟೆಯೊಡೆದ ನೀರಾಯಿತು. ಕಾರ್ಖಾನೆಯ ಮೇಸ್ತ್ರಿಯ ವಿಷಯ ಬಂತು. ಅವನ ಕೂಗಿಗೆ ಪಾರಿವಾಳಗಳು ಹಾರಿಹೋಗುತ್ತಿದ್ದವು, ಹೆಂಗಸರು ಅವನಿಗೆ ಗಂಟಲು ಎಂದು ಹೆಸರಿಟ್ಟಿದ್ದರು. "ಪಾಪ, ಒಳ್ಳೆ ಮನುಷ್ಯ" ಎಂದಳು ಅಕ್ಕ.

"ಆಗ ಅವನಿಗೆ ಶಾಪ ಹಾಕದೆ ನೀನು ಊಟಕ್ಕೆ ಕೂತಿದ್ದೇ ಇಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು."

"ಹಾಲು ಇರಲಿ ಬಿಡು. ನೀನು ಸ್ಟುಡಿಯೋ ಕುರ್ಚಿ ಹೆಣೆದಿದ್ದು ನೆನಪಿದೆಯಾ?"

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನೆನಪಿಲ್ಲದೆ ಏನು! ಹದಿನಾರನೇ ವಯಸ್ಸಿನಲ್ಲಿ ಅವನು ಒಬ್ಬನೇ ಪೂರ್ತಿ ಹೆಣೆದ ಮೊದಲ ಕುರ್ಚಿ ಫೋಟೋ ಸ್ಟುಡಿಯೋದ್ದು. ಹೆಣೆದು ಮುಗಿಸಿದ ಸಂಭ್ರಮದಲ್ಲಿ, ಎಳೆಗಳ ತುದಿಯನ್ನು ಕೆಳಗೆ ಗಂಟು ಹಾಕುವುದನ್ನೇ ಮರೆತು, ತಾತ್ಕಾಲಿಕಕ್ಕೆ ಸಿಕ್ಕಿಸಿದ ಗೂಟಗಳ ಸಮೇತ ಕೊಟ್ಟುಬಂದಿದ್ದ. ಸ್ಟುಡಿಯೋದವನು ಇವೇನು ಕಸ ಎಂದು ಗೂಟಗಳನ್ನೆಲ್ಲ ಕಿತ್ತುಹಾಕಿದ. ಮರುವಾರ ಅಕ್ಕನ ಮದುವೆಯ ಫೋಟೋ. ಮದುಮಗಳು ಠೀವಿಯಿಂದ ಆ ಕುರ್ಚಿಯ ಮೇಲೆ ಕೂತಳು. ಛಾಯಾಗ್ರಾಹಕ ನಗಿ ಎಂದ. ಎಳೆಗಳೆಲ್ಲ ಒಟ್ಟಿಗೆ ಬಿಟ್ಟುಕೊಂಡವು.

"ಫೋಟೋದಲ್ಲಿ ನಿನ್ನ ಭಾವನ ಮುಖ ನೋಡಬೇಕು. ನನ್ನ ಮೊಣಕೈ ಹಿಡ್ಕೊಂಡು, ಬಾವಿಗೆ ಬಿದ್ದ ಕೊಡ ಎಳೀತಾ ಇರೋ ಹಾಗೆ!"

"ಅಮ್ಮ ಮಾತ್ರ ನೇರ ಕ್ಯಾಮೆರಾ ನೋಡ್ತಾ ಇದ್ದಳು."

"ಅಮ್ಮ ಅವತ್ತು ನಕ್ಕಳು ಕಣೋ. ಮನೆಗೆ ಬಂದ ಮೇಲೆ, ಒಳಗೆ, ಸೆರಗು ಬಾಯಿಗೆ ಇಟ್ಕೊಂಡು. ನಾನು ನೋಡಿದೆ. ನಿನಗೆ ಹೇಳಿರಲಿಲ್ಲ."

ಇಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಅಕ್ಕನಿಗೆ ಉಸಿರು ಸಿಕ್ಕಿಕೊಂಡು ಅವನು ಅವಳನ್ನು ಎತ್ತಿ ಕೂರಿಸಿ ಬೆನ್ನು ನೀವಬೇಕಾಯಿತು. ನೀವುತ್ತ ನೀವುತ್ತ ಇಬ್ಬರೂ ಮತ್ತೆ ನಕ್ಕರು. ಹೀಗೆ ನಗುತ್ತಲೇ ಅವನು ಮೂರನೇ ಸುತ್ತು ಮುಗಿಸಿದ, ನಗುತ್ತಲೇ ನಾಲ್ಕನೇ ಸುತ್ತು ಹೆಣೆದ.

ಬೆತ್ತದ ಕೆಲಸದಲ್ಲಿ ಒಂದು ಕಳ್ಳ ತಪ್ಪಿದೆ. ನಾಲ್ಕನೇ ಸುತ್ತಿನಲ್ಲಿ ಎಳೆ ಒಂದರ ಮೇಲೆ ಹೋಗಿ ಒಂದರ ಕೆಳಗೆ ನುಸುಳಬೇಕು. ಮೇಲೆ ಕೆಳಗೆ ಅದಲುಬದಲಾದರೆ ಆಗ ಕಣ್ಣಿಗೇನೂ ಕಾಣುವುದಿಲ್ಲ, ಚೌಕಗಳು ಒಪ್ಪವಾಗಿಯೇ ಕೂತಿರುತ್ತವೆ. ಐದನೇ ಸುತ್ತಿನಲ್ಲಿ ಓರೆ ಎಳೆ ಹಾಕತೊಡಗಿದಾಗ ಬಣ್ಣ ಬಯಲು. ಸರಿಯಿದ್ದರೆ ಓರೆ ಎಳೆ ಮೂಲೆಗಳಲ್ಲಿ ಜಾರಿ ಕೂರುತ್ತದೆ, ತಪ್ಪಿದ್ದರೆ ಹೆಜ್ಜೆ ಹೆಜ್ಜೆಗೂ ಕಚ್ಚಿಕೊಂಡು ನಾರು ಬಿಡುತ್ತದೆ. ಆಗ ಬೇರೆ ದಾರಿಯಿಲ್ಲ, ನಾಲ್ಕನೇ ಸುತ್ತನ್ನು ಪೂರ್ತಿ ಬಿಚ್ಚಬೇಕು.

ಮರುದಿನ ಅವನು ಓರೆ ಎಳೆ ಶುರುಮಾಡಿದ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಮೂರು ತೂತು ದಾಟಿರಲಿಲ್ಲ.

"ಕಚ್ತಾ ಇದೆ" ಎಂದಳು, ಕಣ್ಣು ತೆರೆಯದೆ.

"ಇಲ್ಲಕ್ಕ."

"ಕಿವಿ ಕೆಂಪಾಗಿದೆಯಾ ನೋಡ್ಕೋ. ಸದ್ದು ಬೇರೆ ಬರ್ತಿದೆ. ನಾಲ್ಕನೇದು ತಿರುವುಮುರುವು ಹಾಕಿದೀಯ."

ಅವನು ಬಗ್ಗಿ ನೋಡಿದ. ನಲವತ್ತೈದು ವರ್ಷದ ಕೈ, ಕಲಿಯುವ ಕೂಸಿನ ತಪ್ಪು ಮಾಡಿತ್ತು. ಒಂದಿಡೀ ಮಧ್ಯಾಹ್ನದ ಕೆಲಸ. "ಹಾಳಾಗಿ ಹೋಗಲಿ" ಎಂದು ಒಮ್ಮೆ ಹೇಳಿ, ಗೂಟ ಸಡಿಲಿಸಿ, ಎಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆಯತೊಡಗಿದ. ಒಣಗಿದ ಎಳೆ ಮುರಿಯಬಾರದೆಂದು ಬೆರಳದ್ದಿ ನೀರು ಸವರುತ್ತ, ಬಿಡಿಸುತ್ತ, ಸುರುಳಿ ಸುತ್ತಿ ಬಕೆಟ್ಟಿಗೆ ಹಾಕುತ್ತ ಹೋದ. ಕೆಳಗೆ ಡಿಪೋದಲ್ಲಿ ಯಾರೋ ಬಸ್ಸು ತೊಳೆಯುತ್ತಿದ್ದರು, ಆ ನೀರಿನ ಮೇಲೆ ಬಿದ್ದ ಬಿಸಿಲು ಕೋಣೆಯ ಸೂರಿನಲ್ಲಿ ಅಲ್ಲಾಡುತ್ತಿತ್ತು. ಅರ್ಧ ಗಂಟೆ ಹೀಗೇ ಹೋಯಿತು.

"ನೀನು ಗುನುಗ್ತಾ ಇದೀಯ" ಎಂದಳು ಅಕ್ಕ.

ಅವನು ತಲೆಯೆತ್ತಿದ. ಅಕ್ಕ ಯಾವಾಗಲೋ ಕಣ್ಣು ತೆರೆದು, ಕೆನ್ನೆಗೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದಳು.

"ನಾನಾ?"

"ಮತ್ತೆ ಗೋಡೆಯಾ? ತಾಳ ಇಲ್ಲ, ರಾಗ ಇಲ್ಲ. ನಿನ್ನೆ ಹೆಣೆಯುವಾಗ ಗುನುಗಿದೆ. ಇವತ್ತು ಬಿಚ್ಚುವಾಗಲೂ ಅದನ್ನೇ ಗುನುಗ್ತೀಯಲ್ಲೋ. ಬೇಜಾರಾಗಲ್ವಾ ನಿನಗೆ? ಅಷ್ಟೂ ಕೆಲಸ ದಂಡ."

"ದಂಡ ಹೇಗಾಗುತ್ತೆ? ನಿನ್ನೆ ನಕ್ಕಿದ್ದು ಬಿಚ್ಚಿಹೋಗುತ್ತಾ?"

ಅಕ್ಕ ಬಕೆಟ್ಟಿನಲ್ಲಿ ಸುರುಳಿ ಸುತ್ತಿಕೊಂಡ ಎಳೆಗಳನ್ನು ನೋಡಿದಳು. ಆಮೇಲೆ, ಸಾವಕಾಶವಾಗಿ, ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು ಹೇಳಿದಳು.

"ಬರ್ತೀನಿ ಅಂತ ಹೇಳು ಅಂತ ನಾನಂದಿದ್ದು ನನಗೋಸ್ಕರ ಅಲ್ಲ. ನನ್ನದು ನನಗೆ ಗಟ್ಟಿ ಇದೆ. ನಾನು ಹೋದ ಮೇಲೆ ನೀನು ಒಬ್ಬನೇ ಇರ್ತೀಯ. ಮುಂದೆ ಸಿಗ್ತಾಳೆ ಅನ್ನೋ ಆಸೆಯಾದ್ರೂ ಇದ್ರೆ ಅದನ್ನ ಹಿಡ್ಕೊಂಡು ದಿನ ನೂಕ್ತೀಯ. ಅದೂ ಇಲ್ಲ ಅಂದ್ರೆ? ನನಗೆ ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ಆ ಕೊನೇ ಬೆಂಚಲ್ಲಿ ನಿನ್ನನ್ನ ಒಬ್ಬನ್ನೇ ಕೂರಿಸಿ ನಾನು ಬಸ್ ಹತ್ತಿ ಹೋದ ಹಾಗೆ."

ಅವನ ಕೈಯಲ್ಲಿದ್ದ ಎಳೆ ಹಾಗೇ ನಿಂತಿತು. ಇಷ್ಟು ದಿನ ಅವಳು ತನ್ನ ನಂಬಿಕೆಯನ್ನು ಒಪ್ಪಿಕೊಳ್ಳಲು ಕೇಳುತ್ತಿದ್ದಾಳೆ ಎಂದುಕೊಂಡಿದ್ದ. ಅವಳು ಕೇಳುತ್ತಿದ್ದದ್ದು ಅವನ ಕ್ಷೇಮ.

"ಅಕ್ಕ, ನಾನು ಆ ಬೆಂಚಿಂದ ಅವತ್ತೇ ಎದ್ದು ಬಂದೆ. ನೀನೇ ಕೈ ಹಿಡಿದು ಮನೆಗೆ ಕರ್ಕೊಂಡು ಬಂದಿದ್ದು. ಅವತ್ತಿಂದ ಮನೇಲೇ ಇದೀನಿ."

"ನಾನು ಹೋದ್ರೆ ಅಳ್ತೀಯ."

"ಅಳ್ತೀನಿ. ಬಿದ್ದು ಬಿದ್ದು ಅಳ್ತೀನಿ. ನಿನ್ನಂಥವಳಿಗೆ ಅಳದೆ ಇನ್ಯಾರಿಗೆ ಅಳಲಿ? ಮುಂದೆ ಸಿಗ್ತೀಯ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಅದಕ್ಕೇ ಸಿಕ್ಕಾಗೆಲ್ಲ ಕಣ್ಣು ತುಂಬ ನೋಡಿದೀನಿ ನಿನ್ನ. ನಿನ್ನ ಬೈಗುಳಾನೂ ಬಿಟ್ಟಿಲ್ಲ."

ಅವಳು ಅವನ ಕಿವಿ ನೋಡಿದಳು. ಕಿವಿ ಇದ್ದ ಬಣ್ಣದಲ್ಲೇ ಇತ್ತು.

"ಸರಿ" ಎಂದಳು. "ಬರದಿದ್ರೆ ಬೇಡ ಹೋಗು."

"ಅಕಸ್ಮಾತ್ ನೀನು ಹೇಳಿದ್ದೇ ನಿಜ ಆದ್ರೆ?"

"ಆದ್ರೆ ಬಾಗಿಲಲ್ಲೇ ನಿಂತ್ಕೊಂಡು ಬೈತೀನಿ. ಅಮ್ಮನ್ನೂ ಕರೀತೀನಿ."

"ಕರಿ. ಇಬ್ಬರೂ ಸೇರಿ ಬೈಯಿರಿ."

"ಮೊದಲು ಅದನ್ನ ಬಿಚ್ಚು, ಹೊತ್ತಾಗುತ್ತೆ."

ನಾಲ್ಕಕ್ಕೆ ಮಗಳು ಬಂದಾಗ ಅಕ್ಕ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದು, ಮೈಮರೆತ ನಿದ್ದೆ. ಮಗಳು ಬಾಗಿಲಲ್ಲೇ ನಿಂತು, ಹೇಳಿದಿರಾ ಎಂದು ಕಣ್ಣಲ್ಲೇ ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ಅವಳಿಗೆ ಅರ್ಥವಾಗಲಿಲ್ಲ. ಅಮ್ಮ ನಿದ್ದೆ ಮಾಡುತ್ತಿದ್ದಾಳಲ್ಲ, ಸಾಕೆಂದು ಅಡುಗೆಮನೆಗೆ ಹೋದಳು.

ಅದಾದ ಮೇಲೆ ಆ ಮಾತು ಇಬ್ಬರ ನಡುವೆ ಬರಲಿಲ್ಲ. ಅಕ್ಕ ಬೆಳಿಗ್ಗೆ ತನ್ನ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದಳು, ಅವನು ಮಧ್ಯಾಹ್ನ ತನ್ನ ಬಕೆಟ್ಟು ಹೊತ್ತು ಬರುತ್ತಿದ್ದ. ಅವಳದು ಅವಳಿಗೆ, ಅವನದು ಅವನಿಗೆ. ಕುರ್ಚಿ ಮುಗಿದ ದಿನ ಅಕ್ಕನನ್ನು ಎತ್ತಿ ಅದರ ಮೇಲೆ ಕೂರಿಸಿದರು. ಅವಳು ಎರಡೂ ಕಡೆ ಕೈಯೂರಿ, ಒಮ್ಮೆ ಹಗುರಾಗಿ ಪುಟಿದು ನೋಡಿ, "ಗಂಟು ಹಾಕಿದೀಯ ತಾನೇ?" ಎಂದಳು. ಗ್ರಂಥಾಲಯದವರು ಕೇಳಿ ಕಳಿಸಿದರೂ ಅವನು ಆ ಕುರ್ಚಿಯನ್ನು ಬೇಗ ಕೊಡಲಿಲ್ಲ. ಅವಳು ದಿನಾ ಒಂದಷ್ಟು ಹೊತ್ತು ಅದರಲ್ಲಿ ಕೂತು ಡಿಪೋ ನೋಡುತ್ತಿದ್ದಳು. ತೊಳೆದ ಬಸ್ಸು, ತೊಳೆಯದ ಬಸ್ಸು, ಚಾಲಕರ ಜಗಳ, ಛಾವಣಿಯ ಮೇಲೆ ಮಲಗಿದ ಬೆಕ್ಕು. ಇಬ್ಬರೂ ಅದನ್ನೇ ದೊಡ್ಡ ಸಂಗತಿಯೆಂಬಂತೆ ಮಾತಾಡಿಕೊಂಡರು. ಅಂಥ ದಿನಗಳು ಹತ್ತೊಂಬತ್ತು ಸಿಕ್ಕವು.

ಒಂದು ಬೆಳಿಗ್ಗೆ ಅವನು ಅಂಗಡಿಯಲ್ಲಿ ಬೆತ್ತ ನೆನೆಹಾಕುತ್ತಿದ್ದಾಗ ಔಷಧಿ ಅಂಗಡಿಯ ಫೋನಿಗೆ ಸುದ್ದಿ ಬಂತು. ಔಷಧಿ ಅಂಗಡಿಯವನು ಬಂದು ಬಾಗಿಲಲ್ಲಿ ನಿಂತ. ಆ ದಿನ ಅವನು ಏನನ್ನೂ ಕೆಣಕಲಿಲ್ಲ. "ನಡಿ ಅಣ್ಣ, ನಾನೂ ಬರ್ತೀನಿ" ಎಂದಷ್ಟೇ ಹೇಳಿ, ಎರಡೂ ಅಂಗಡಿಗಳ ಬಾಗಿಲನ್ನು ತಾನೇ ಎಳೆದ.

ಬೆತ್ತದಣ್ಣ ಹೇಳಿದ ಹಾಗೆಯೇ ಅತ್ತ. ಬಿದ್ದು ಬಿದ್ದು ಅತ್ತ. ಮೇಲಿದ್ದಾಳೆ, ನೋಡುತ್ತಿದ್ದಾಳೆ ಎಂದು ಬಂದವರು ಸಮಾಧಾನ ಹೇಳಿದರೆ ಅವರ ಕೈ ಹಿಡಿದುಕೊಂಡು ಕೇಳಿಸಿಕೊಂಡ, ವಾದ ಮಾಡಲಿಲ್ಲ, ಹೌದು ಎನ್ನಲೂ ಇಲ್ಲ. ಕೆಲವು ದಿನ ಕೈಗೆ ಎಳೆ ಹತ್ತಲಿಲ್ಲ. ತಿಂದದ್ದು ರುಚಿಸಲಿಲ್ಲ. ಎರಡು ಗಂಟೆಯಾದರೆ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು, ಹೋಗುವುದೆಲ್ಲಿಗೆಂದು ಮತ್ತೆ ಕೂರುತ್ತಿದ್ದ.

ಒಂದು ದಿನ ಕೂರಲಿಲ್ಲ. ಅಂಗಡಿ ಮುಚ್ಚಿ ಹೊರಟು, ಸುತ್ತಾಡಿ, ನಾಲ್ಕಕ್ಕೆ ಸರಿಯಾಗಿ ಡಿಪೋ ಹಿಂದಿನ ಮೆಟ್ಟಿಲು ಹತ್ತಿದ. ಅಕ್ಕನ ಮಗಳು ಆಗಷ್ಟೇ ಕೆಲಸದಿಂದ ಬಂದು, ಖಾಲಿ ಮಂಚದ ಕೋಣೆಗೆ ಹೋಗಲಾರದೆ ಅಡುಗೆಮನೆಯ ಮಣೆಯ ಮೇಲೆ ಚೀಲ ಹೆಗಲಲ್ಲಿಟ್ಟುಕೊಂಡೇ ಕೂತಿದ್ದಳು. ಅವನನ್ನು ನೋಡಿ ಕಣ್ಣೊರೆಸಿಕೊಂಡು ಎದ್ದಳು. ಟೀ ಮಾಡಿದಳು. ಇಬ್ಬರೂ ಗೋಡೆಗೊರಗಿ ನೆಲದ ಮೇಲೆ ಕೂತರು.

ಅವನು ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಇನ್ನೊಂದು ಗುಟುಕು ಕುಡಿದ.

"ಚೆನ್ನಾಗಿದೆ ಮಗಳೇ" ಎಂದ.

ಅವಳು ತಿರುಗಿ ನೋಡಿದಳು. ಮಾವ ಸುಮ್ಮನೆ ಹೇಳಲಿಲ್ಲ, ಟೀ ನಿಜವಾಗಿ ರುಚಿಸಿದೆ ಎಂದು ಅವಳಿಗೆ ಅವನ ಮುಖದಲ್ಲಿ ಕಂಡಿತು.

"ಇನ್ನೊಂದು ಸ್ವಲ್ಪ ಇದೆ, ಹಾಕಲಾ?"

"ಹಾಕು" ಎಂದು ಅವನು ಲೋಟ ಮುಂದೆ ಹಿಡಿದ.